ಹಳೆಯ ಆಲ್ಟೋಗೆ ಎಷ್ಟು ಮಿಲಿಲೀಟರಿನ ಮೌತ್‌ಪೀಸ್?

ಹಳೆಯ ಆಲ್ಟೋ ಸ್ಯಾಕ್ಸೋಫೋನ್ ಕೊಂಡವರು ಮೌತ್‌ಪೀಸ್ ಹುಡುಕುವಾಗ ಮೊದಲು ನೋಡುವುದು ಅದರ ಮೇಲೆ ಕೊರೆದ ಅಂಕಿಯನ್ನು. ಯಮಾಹಾ 4ಸಿ ಎಂದರೆ ತುದಿಗೂ ರೀಡಿಗೂ ನಡುವೆ 1.60 ಮಿ.ಮೀ. ತೆರಪು, ಯಮಾಹಾ 5ಸಿಗೆ 1.70, ಮೇಯರ್ 5ಕ್ಕೆ 1.80. ಒಂದೇ ‘5’, ಎರಡು ಕಂಪನಿ, ಎರಡು ಅಳತೆ. ಎಷ್ಟು ಉಸಿರು ಬೇಕು, ಯಾವ ರೀಡ್ ಹೊಂದುತ್ತದೆ ಎಂಬುದಕ್ಕೆ ಈ ಅಂಕಿ ಸಾಕು. ಶ್ರುತಿ ನಿಲ್ಲುತ್ತದೆಯೇ ಎಂದು ತಿಳಿಯಲು ಬೇಕಾದ ಅಂಕಿಯನ್ನು ಯಾರೂ ಕೊರೆಯುವುದಿಲ್ಲ. ಅದು ಒಳಗಿನ ಚೇಂಬರ್ ಹಿಡಿಯುವ ಜಾಗ.

ಸ್ಯಾಕ್ಸೋಫೋನಿನ ಕೊಳವೆ ಮೊನೆ ಕತ್ತರಿಸಿದ ಶಂಕು. ಇಲ್ಲದ ಆ ಮೊನೆಯಷ್ಟು ಜಾಗವನ್ನು ಮೌತ್‌ಪೀಸ್ ತುಂಬಿಕೊಡಬೇಕು. ಧ್ವನಿವಿಜ್ಞಾನಿ ಆರ್ಥರ್ ಬೆನೇಡ್ 1976ರ ತಮ್ಮ ಪುಸ್ತಕದಲ್ಲಿ ವಿವರಿಸಿದ್ದು ಇದನ್ನೇ. ಮೌತ್‌ಪೀಸ್ ಸಿಕ್ಕಿಸುವ ಕೊಳವೆಯ ತುದಿಭಾಗದ, ಅಂದರೆ ನೆಕ್ಕಿನ, ಬಾಯಿ 12 ಮಿ.ಮೀ., ಕೊಳವೆ ಪ್ರತಿ 100 ಮಿ.ಮೀ.ಗೆ 6 ಮಿ.ಮೀ. ಅಗಲವಾಗುತ್ತದೆ ಎಂದಿಟ್ಟುಕೊಳ್ಳೋಣ. ಆಗ ಮೊನೆಯ ಉದ್ದ 200 ಮಿ.ಮೀ., ಗಾತ್ರ ಸುಮಾರು 7.5 ಮಿ.ಲೀ. ಅದುರುವ ರೀಡ್ ತಾನೂ ಒಂದಿಷ್ಟು ಜಾಗದಂತೆ ವರ್ತಿಸುವುದರಿಂದ, ನೆಕ್ಕಿನ ತುದಿ ತಲುಪುವ ಮಟ್ಟದವರೆಗೆ ಮೌತ್‌ಪೀಸಿಗೆ ಸಿರಿಂಜಿನಲ್ಲಿ ನೀರು ತುಂಬಿ ಅಳೆದಾಗ ಇದಕ್ಕಿಂತ ತುಸು ಕಡಿಮೆ ಬರಬೇಕು.

ಅಮೆರಿಕದ ಎಲ್ಕಾರ್ಟ್‌ನಲ್ಲಿ 1920ರ ದಶಕದಲ್ಲಿ ತಯಾರಾದ ಕಾನ್, ಬ್ಯೂಷರ್ ವಾದ್ಯಗಳ ಜೊತೆ ಬರುತ್ತಿದ್ದುದು ದೊಡ್ಡ, ದುಂಡನೆಯ ಚೇಂಬರಿನ ಮೌತ್‌ಪೀಸ್. ಅವಕ್ಕೆ ಇಂದಿನ ಕಿರಿದಾದ ಚೇಂಬರಿನದನ್ನು ಸಿಕ್ಕಿಸಿದಾಗ 1 ಮಿ.ಲೀ. ಕೊರತೆ ಬಿತ್ತೆನ್ನಿ. ಮೌತ್‌ಪೀಸಿನ ಒಳರಂಧ್ರ 16 ಮಿ.ಮೀ. ಇದ್ದರೆ, ಆ ಕೊರತೆ ತುಂಬಲು ಅದನ್ನು 5 ಮಿ.ಮೀ. ಹೊರಗೆಳೆಯಬೇಕು. ನೆಕ್ಕಿನ ಮೇಲಿನ ಕಾರ್ಕ್ ಅಷ್ಟು ಉಳಿದಿರದಿದ್ದರೆ ಮೌತ್‌ಪೀಸ್ ಅಲುಗಾಡುತ್ತದೆ. ಎಳೆಯದೆ ಬಿಟ್ಟರೆ ಮೇಲಿನ ಸ್ಥಾಯಿ ಏರಿ ಕೂರುತ್ತದೆ. ಕದ್ರಿ ಗೋಪಾಲನಾಥರು ಆಲ್ಟೋವನ್ನು ಕರ್ನಾಟಕ ಸಂಗೀತದ ವೇದಿಕೆಗೆ ತಂದ ನಾಡು ನಮ್ಮದು. ಶ್ರುತಿಪೆಟ್ಟಿಗೆ ಹಾಕಿಕೊಂಡು ನುಡಿಸುವಾಗ ಮಧ್ಯಷಡ್ಜ ಸರಿಯಾಗಿದ್ದು ತಾರಷಡ್ಜ 20 ಸೆಂಟ್ (ಸೆಂಟ್ ಎಂದರೆ ಅರ್ಧಸ್ವರದ ನೂರನೇ ಒಂದು ಪಾಲು) ಏರಿದರೂ ಕಿವಿ ಒಪ್ಪುವುದಿಲ್ಲ. ‘ಹಳೇ ವಾದ್ಯ, ಶ್ರುತಿ ನಿಲ್ಲಲ್ಲ’ ಎಂದು ಮಾರಿಬಿಡುವ ಮುನ್ನ ಈ ಲೆಕ್ಕ ಹಾಕಲೇಬೇಕು. ಎಷ್ಟೋ ಒಳ್ಳೆಯ ವಾದ್ಯಗಳು ಈ ತಪ್ಪು ಆರೋಪ ಹೊತ್ತು ಮೂಲೆ ಸೇರುತ್ತವೆ.

ಒಂದು ದೋಷಕ್ಕೆ ಮಾತ್ರ ಮೌತ್‌ಪೀಸಿನಲ್ಲಿ ಮದ್ದಿಲ್ಲ. ಆ ಕಾಲದ ಕೆಲವು ವಾದ್ಯಗಳನ್ನು ‘ಹೈ ಪಿಚ್’ಗೆ, ಅಂದರೆ ‘ಎ’ ಸ್ವರ ಸುಮಾರು 457 ಹರ್ಟ್ಸ್ ಆಗುವಂತೆ ಮಾಡಿದ್ದರು. ಇಂದಿನ 440ಕ್ಕೆ ಹೋಲಿಸಿದರೆ ಸುಮಾರು 66 ಸೆಂಟ್ ಹೆಚ್ಚು, ಅರ್ಧಸ್ವರದ ಸುಮಾರು ಮೂರನೇ ಎರಡು ಪಾಲು. ಅಂಥದ್ದು ಅಗ್ಗಕ್ಕೆ ಸಿಕ್ಕರೂ ಬೇಡ.

ಇನ್ನು ಬೆಲೆ. ಡಾಲರಿಗೆ 85 ರೂಪಾಯಿ ಹಿಡಿದರೆ, 30 ಡಾಲರಿನ ಪ್ಲಾಸ್ಟಿಕ್ ಮೌತ್‌ಪೀಸಿಗೆ 2,550 ರೂ., 150 ಡಾಲರಿನ ರಬ್ಬರಿನದಕ್ಕೆ 12,750 ರೂ.; ಸಾಗಣೆ, ಸುಂಕ ಬೇರೆ. ಹೆಸರುವಾಸಿ ಹಳೆಯ ಮೇಯರ್ ಬ್ರದರ್ಸ್‌ಗೆ ಸಾವಿರ ಡಾಲರ್ ದಾಟುವುದೂ ಉಂಟು. ನನ್ನ ಆಯ್ಕೆ ಹೆಸರಿಲ್ಲದ, ದೊಡ್ಡ ಚೇಂಬರಿನ ಹಳೆಯದು. ತೆರಪು ಕಿರಿದಾಗಿದ್ದರೆ ನುರಿತವರು ಉಜ್ಜಿ ಹಿಗ್ಗಿಸಿಕೊಡುತ್ತಾರೆ. ಜಾಗ ಅರ್ಧ ಮಿ.ಲೀ. ಹೆಚ್ಚಾದರೆ ಎರಡೂವರೆ ಮಿ.ಮೀ. ಒಳಕ್ಕೆ ತಳ್ಳಿದರಾಯಿತು, ಅದಕ್ಕೆ ಖರ್ಚಿಲ್ಲ.