ಪಾನಾ ಹಾಕಿದಾಗ ಕಟ್ಟಾತೋ, ಹೊಲದಾಗೋ?

"ಅಣ್ಣಾ, ಬೋಲ್ಟ್ ಕಟ್ಟಾಗಿ ಒಳಗ ಉಳದೇತಿ, ಲಗೂನ ತಗದಕೊಡ್ರಿ" ಎನ್ನುತ್ತ ಬಂದವರಿಗೆಲ್ಲ ನನ್ನದು ಒಂದೇ ಪ್ರಶ್ನೆ: "ಹೊಲದಾಗ ಕಟ್ಟಾತೋ, ಪಾನಾ ಹಾಕಿ ಬಿಚ್ಚೂಮುಂದೋ?" ಅರ್ಧ ಕೆಲಸ ಆ ಉತ್ತರದಲ್ಲೇ ಇರುತ್ತದೆ.

ಹೊಲದಲ್ಲಿ ಕಟ್ಟಾದದ್ದು ಸಾಮಾನ್ಯವಾಗಿ ಸಡಿಲಾಗಿ, ಅಲುಗಾಡಿ, ಹೊಡೆತಕ್ಕೆ ತುಂಡಾದ ಬೋಲ್ಟ್. ತಲೆ ಹೋದ ಮೇಲೆ ಒಳಗಿನ ತುಂಡಿಗೆ ಬಿಗಿತವೇ ಇರುವುದಿಲ್ಲ. ಚೂಪು ಚಾಣವನ್ನು ಅಂಚಿಗೆ ಓರೆಯಾಗಿಟ್ಟು ಎಡಕ್ಕೆ ಮೆಲ್ಲಗೆ ತಟ್ಟಿದರೆ ತಾನೇ ತಿರುಗಿ ಬರುತ್ತದೆ. ಎಷ್ಟೋ ಜನ ಇದಕ್ಕೂ ಮೊದಲೇ ಡ್ರಿಲ್ ಹಿಡಿಯುತ್ತಾರೆ!

ಬಿಚ್ಚುವಾಗ ಮುರಿದದ್ದರ ಕಥೆ ಬೇರೆ. ಮುಂಡಗೋಡ ತಾಲೂಕಿನ ನಮ್ಮ ಇಂದೂರಿನ ಕಡೆ ಭತ್ತದ ಗದ್ದೆಯ ರಾಡಿ ಮೆತ್ತಿದ ರೋಟಾವೇಟರನ್ನು ತೊಳೆಯದೆ ನಿಲ್ಲಿಸಿದರೆ ತುಕ್ಕು ಹಿಡಿಯದೆ ಬಿಡುವುದಿಲ್ಲ. ತುಕ್ಕಾದ ಕಬ್ಬಿಣ ಉಬ್ಬುತ್ತದೆ, ಥ್ರೆಡ್ಡಿನ ಸಂದಿಯಲ್ಲಿ ಉಬ್ಬಲು ಜಾಗವಿಲ್ಲ, ಬೋಲ್ಟ್ ಕಚ್ಚಿಕೊಳ್ಳುತ್ತದೆ. ಅದಕ್ಕೆ ನನ್ನ ನಂಬಿಕೆ ಬೆಂಕಿಯ ಮೇಲೆ. ಬ್ಯಾಟರಿ ವೈರು ಕಳಚಿ, ಉಳಿದ ತುಂಡಿನ ಮೇಲೆ ಒಂದು ನಟ್ ಇಟ್ಟು, ನಟ್ಟಿನ ತೂತಿನೊಳಗಿಂದಲೇ ವೆಲ್ಡಿಂಗ್ ತುಂಬುತ್ತೇನೆ. ಕಾದ ಬೋಲ್ಟ್ ಹಿಗ್ಗಲು ಹೋಗಿ ಜಾಗವಿಲ್ಲದೆ ಅದುಮಿಕೊಳ್ಳುತ್ತದೆ, ಆರಿದಾಗ ಕುಗ್ಗಿ ತುಕ್ಕಿನ ಹಿಡಿತ ಬಿಡಿಸಿಕೊಳ್ಳುತ್ತದೆ. ಕೆಂಪಾಗಿದ್ದಾಗ ತಿರುವಿದರೆ ಮತ್ತೆ ಮುರಿಯುತ್ತದೆ. ಆರಲು ಬಿಟ್ಟು, ಡೀಸೆಲ್ ಬಿಟ್ಟು, ಹಿಂದೆ ಮುಂದೆ ಆಡಿಸುತ್ತ ಬಿಚ್ಚಬೇಕು.

ವೆಲ್ಡಿಂಗ್ ಆಗದ ಕಡೆ ಡ್ರಿಲ್ಲೇ ಗತಿ. ಮುರಿದ ಮುಖವನ್ನು ಸಮ ಮಾಡಿ, ನಟ್ಟನಡುವೆ ಪಂಚ್ ಹೊಡೆದು, ಸಣ್ಣ ಬಿಟ್ಟಿನಿಂದ ಶುರುಮಾಡಬೇಕು. 10 ಮಿ.ಮೀ. ಬೋಲ್ಟಿಗೆ, ಥ್ರೆಡ್ಡಿನ ಅಂತರ 1.5 ಇದ್ದರೆ, 8.5 ಮಿ.ಮೀ. ದಾಟುವಂತಿಲ್ಲ. ನಡು ತಪ್ಪದಿದ್ದರೆ ಉಳಿದ ಸುರುಳಿಯನ್ನು ಕೊಂಡಿಯಿಂದ ಎಳೆದು ತೆಗೆಯಬಹುದು. ಆಮೇಲೆ ಟ್ಯಾಪ್ ಓಡಿಸಿದರೆ ತೂತು ಚೊಕ್ಕ.

ಅಂಗಡಿಯಲ್ಲಿ ಸಿಗುವ ಉಲ್ಟಾ ಥ್ರೆಡ್ಡಿನ ಎಕ್ಸ್‌ಟ್ರಾಕ್ಟರ್ ನನಗೆ ಸೇರದು. ಅದು ಗಟ್ಟಿ, ಆದರೆ ಪೆಡಸು. ಕಚ್ಚಿಕೊಂಡ ಬೋಲ್ಟಿನೊಳಗೆ ಮುರಿದರೆ ಮಾಮೂಲಿ ಬಿಟ್ಟು ಅದನ್ನು ಕೊರೆಯುವುದಿಲ್ಲ. ಅಲ್ಲಿಂದ ಮುಂದೆ ಎಣ್ಣೆಯೊಳಗೆ ವಿದ್ಯುತ್ ಕಿಡಿ ಹಾರಿಸಿ ಲೋಹ ಸವೆಸುವ ಯಂತ್ರವೇ ಬೇಕು. 1943ರಲ್ಲಿ ಸೋವಿಯತ್ ದೇಶದ ಲಜಾರೆಂಕೊ ದಂಪತಿ ಕಂಡುಕೊಂಡ ವಿದ್ಯೆ ಅದು. ನಮ್ಮ ಶೆಡ್ಡಿನ ಮಾತಲ್ಲ.

ಹೊಸ ಬೋಲ್ಟನ್ನು ಗ್ರೀಸ್ ಸವರಿ ಮೊದಲು ಕೈಯಿಂದಲೇ ತಿರುವಿ ಕೂರಿಸಿ. ತಲೆಯ ಮೇಲೆ 8.8 ಎಂದಿದ್ದುದರ ಬದಲು 4.6 ಹಾಕಿದರೆ ಅರ್ಧದಷ್ಟೇ ಬಲ. ಮತ್ತೆ ನನ್ನ ಹತ್ತಿರ ಬರುತ್ತೀರಿ. ಪಿಟಿಒ ಶಾಫ್ಟಿನ ಶಿಯರ್ ಬೋಲ್ಟ್ ಮಾತ್ರ ಬೇರೆ ಲೆಕ್ಕ. ಬಂಡೆಗೆ ಬಡಿದಾಗ ಮುರಿಯಲೆಂದೇ ಇಟ್ಟದ್ದು ಅದು. "ಗಟ್ಟೀದು ಹಾಕ್ರಿ" ಎಂದು ಹಟ ಹಿಡಿದವರಿಗೆ ಗೇರ್‌ಬಾಕ್ಸಿನ ರೇಟು ಹೇಳುತ್ತೇನೆ.