ಜೂಲು ನಾಯಿಗೂ ಬಾಚಣಿಗೆ ಬೇಕು

ಅಕ್ಕಾ, ನಿಮ್ಮ ಮನೇಲಿ ಜೂಲು ನಾಯಿ ಇದೆಯಾ?

ಗುಂಡ್ಲುಪೇಟೆ, ಚಾಮರಾಜನಗರದ ಕಡೆ ನಾಯಿ ಮನೆ, ಹೊಲ ಕಾಯುತ್ತೆ. ಲಂಟಾನ ಪೊದೆಗೂ ನುಗ್ಗುತ್ತೆ. ಉದ್ದ ಕೂದಲಿಗೆ ಮುಳ್ಳು ಸಿಕ್ಕಿ ಗಂಟಾಗುತ್ತೆ. ಒಳಗೆ ಉಣ್ಣಿ ಸೇರಿದರೂ ಕಾಣೋದಿಲ್ಲ. ಉಣ್ಣಿ ರಕ್ತ ಹೀರುತ್ತೆ. ಜ್ವರ ತರುತ್ತೆ. ನಾಯಿ ಸಾಯಲೂಬಹುದು.

ದಿನವೂ ಬಾಚಿ. ಮೈ ತೊಳೆಯುವ ಮೊದಲೇ ಗಂಟು ಬಿಡಿಸಿ. ನೆನೆದರೆ ಗಂಟು ಬಿಗಿಯುತ್ತೆ. ಕಿವಿ, ಕುತ್ತಿಗೆ, ಬೆರಳ ಸಂದು ನೋಡಿ.

ಉಣ್ಣಿಯನ್ನು ಕೈಯಲ್ಲಿ ಹಿಸುಕಬೇಡಿ. ಚಿಮಟದಿಂದ ಬುಡದಲ್ಲೇ ಹಿಡಿದು ನೇರವಾಗಿ ಎಳೆಯಿರಿ. ಸೋಪು ನೀರಿನ ಡಬ್ಬಿಗೆ ಹಾಕಿ ಮುಚ್ಚಿ. ಸೀಮೆಎಣ್ಣೆ ಹಚ್ಚಬೇಡಿ. ನಾಯಿ ನೆಕ್ಕಿದರೆ ವಿಷ.

ಹೆಣ್ಣು ಉಣ್ಣಿ ಗೋಡೆಯ ಬಿರುಕಿನಲ್ಲಿ ಸಾವಿರಾರು ಮೊಟ್ಟೆ ಇಡುತ್ತೆ. ನಾಯಿ ಮಲಗೋ ಜಾಗ ಗುಡಿಸಿ. ಗೋಣಿ ಬಿಸಿಲಿಗೆ ಹಾಕಿ.

ನಾಯಿ ಊಟ ಬಿಟ್ಟು ಮಂಕಾದರೆ ತಡ ಮಾಡಬೇಡಿ. ಪಶು ಆಸ್ಪತ್ರೆಗೆ ಕರಕೊಂಡು ಹೋಗಿ.