ನೋವಿಲ್ಲವೆಂದು ಸುಮ್ಮನಿರಬೇಡಿ: ಸಕ್ಕರೆ ಕಾಯಿಲೆ ಮತ್ತು ಹೃದಯದ ರಕ್ತನಾಳ



ಗೊರಗುಂಟೆಪಾಳ್ಯದ ಮನೆಗಳಲ್ಲಿ ಹಬ್ಬದ ಕಜ್ಜಾಯ, ಕೇಕಿನ ಜೊತೆಗೆ ನಾವು ಆಗಾಗ ಕೇಳುವ ಮಾತೊಂದಿದೆ: "ಶುಗರ್ ಸ್ವಲ್ಪ ಜಾಸ್ತಿ ಇದೆ ಸ್ವಾಮಿ, ಆದರೆ ಎದೆನೋವು ಏನೂ ಇಲ್ಲ." ನೋವಿಲ್ಲವೆಂದರೆ ಹೃದಯ ಕ್ಷೇಮವಾಗಿದೆ ಎಂದು ಅರ್ಥವೇ? ವಿಚಾರ ಮಾಡೋಣ.

ರಕ್ತನಾಳವನ್ನು ನಾವು ನೀರಿನ ಪೈಪಿನಂತೆ ಭಾವಿಸುತ್ತೇವೆ. ಆದರೆ ಅದಕ್ಕೆ ಜೀವವಿದೆ. ಅದರ ಒಳಮೈಯಲ್ಲಿ ಒಂದೇ ಜೀವಕೋಶದಷ್ಟು ದಪ್ಪದ ತೆಳು ಪದರವಿದೆ. ನಾವು ಮೆಟ್ರೋ ನಿಲ್ದಾಣದ ಮೆಟ್ಟಿಲು ಹತ್ತುವಾಗ ಹೃದಯಕ್ಕೆ ಹೆಚ್ಚು ರಕ್ತ ಬೇಕು. ಆಗ ಈ ಪದರವು ನೈಟ್ರಿಕ್ ಆಕ್ಸೈಡ್ ಎಂಬ ಅನಿಲವನ್ನು ಬಿಡುತ್ತದೆ. ನಾಳ ಸಡಿಲಗೊಂಡು ಅಗಲವಾಗುತ್ತದೆ. ಈ ಗುಟ್ಟನ್ನು ಕಂಡುಹಿಡಿದ ಫರ್ಚ್‌ಗಾಟ್, ಇಗ್ನಾರೊ ಮತ್ತು ಮುರಾದ್ ಅವರಿಗೆ 1998ರಲ್ಲಿ ನೊಬೆಲ್ ಪ್ರಶಸ್ತಿ ಲಭಿಸಿತು.

ರಕ್ತದಲ್ಲಿ ಸಕ್ಕರೆ ಏರಿದರೆ ಏನಾಗುತ್ತದೆ? ಮೊದಲನೆಯದಾಗಿ, ಈ ಅನಿಲ ಬೇಗನೆ ನಾಶವಾಗುತ್ತದೆ. ನಾಳ ಬೇಕಾದಷ್ಟು ಅಗಲವಾಗುವುದಿಲ್ಲ. ಎರಡನೆಯದಾಗಿ, ವರ್ಷಗಟ್ಟಲೆ ಸಕ್ಕರೆ ಅಂಟಿಕೊಂಡು ನಾಳದ ಗೋಡೆ ಬಿರುಸಾಗುತ್ತದೆ. ಮೂರನೆಯದಾಗಿ, ಒಳಪದರ ಹಾಳಾದಲ್ಲಿ ಕೊಬ್ಬು ಸೇರಿ, ರಕ್ತ ಹೆಪ್ಪುಗಟ್ಟುವುದು ಸುಲಭವಾಗುತ್ತದೆ. ಹೃದಯದ ಅತಿ ಸಣ್ಣ ನಾಳಗಳೂ ಹೀಗೆಯೇ ಕೆಡುತ್ತವೆ. ಅವು ಆಂಜಿಯೋಗ್ರಾಮಿನಲ್ಲಿ ಕಾಣುವುದಿಲ್ಲ.

ಇನ್ನೂ ಒಂದು ಅಪಾಯವಿದೆ. ಸಕ್ಕರೆ ಕಾಯಿಲೆ ನರಗಳನ್ನೂ ಕೆಡಿಸುವುದರಿಂದ, ಕೆಲವರಿಗೆ ಹೃದಯಾಘಾತವಾದರೂ ಎದೆನೋವು ತಿಳಿಯುವುದಿಲ್ಲ. ಕಾರಣವಿಲ್ಲದ ಉಬ್ಬಸ, ತಣ್ಣನೆಯ ಬೆವರು, ವಿಪರೀತ ಸುಸ್ತು ಇವಷ್ಟೇ ಗುರುತು. ಇಂಥ ವೇಳೆ "ಗ್ಯಾಸ್ ಇರಬೇಕು" ಎಂದು ಬೆಳಗಿನವರೆಗೆ ಕಾಯದೆ ಕೂಡಲೇ 108ಕ್ಕೆ ಕರೆಮಾಡಿ, ಆಸ್ಪತ್ರೆಗೆ ಹೋಗಿರಿ.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಿಂದ ನಡೆದು 2023ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ದೇಶದಲ್ಲಿ ಸುಮಾರು 10.1 ಕೋಟಿ ಜನರಿಗೆ ಸಕ್ಕರೆ ಕಾಯಿಲೆಯಿದೆ. ಪೀಣ್ಯದ ಕಾರ್ಖಾನೆಗಳಲ್ಲಿ ರಾತ್ರಿ ಪಾಳಿ ದುಡಿದು, ಹೊತ್ತಲ್ಲದ ಹೊತ್ತಿನಲ್ಲಿ ಉಣ್ಣುವ ನಮ್ಮವರು ವಿಶೇಷ ಎಚ್ಚರಿಕೆ ವಹಿಸಬೇಕು.

ಮೂವತ್ತು ದಾಟಿದವರೆಲ್ಲರೂ ರಕ್ತ ಪರೀಕ್ಷೆ ಮಾಡಿಸಿರಿ. ಖಾಲಿ ಹೊಟ್ಟೆಯಲ್ಲಿ 126 ಅಥವಾ ಅದಕ್ಕಿಂತ ಹೆಚ್ಚು ಬಂದರೆ ತಡಮಾಡದೆ ವೈದ್ಯರನ್ನು ಕಾಣಿರಿ. ಬಿ.ಪಿ., ಕೊಲೆಸ್ಟರಾಲನ್ನೂ ನೋಡಿಸಿರಿ. ಬೀಡಿ ಸಿಗರೇಟು ಬಿಟ್ಟು, ದಿನಕ್ಕೆ ಅರ್ಧ ಗಂಟೆ ನಡೆಯಿರಿ. ನಡಿಗೆಯಿಂದ ಆ ಒಳಪದರ ಮತ್ತೆ ಚುರುಕಾಗುತ್ತದೆ. ಹಬ್ಬವೆಂದು ಮಾತ್ರೆ ನಿಲ್ಲಿಸಬೇಡಿ. ಮನೆಯ ಹಿರಿಯರಿಗೆ ಸಿಹಿ ಬಡಿಸುವ ಮೊದಲು, ಅವರು ಮಾತ್ರೆ ತೆಗೆದುಕೊಂಡರೋ ಎಂದು ಒಮ್ಮೆ ಕೇಳಿರಿ. ಅದೂ ಪ್ರೀತಿಯ ಸೇವೆಯೇ.